ಎದುರು ಮನೆ ಆಂಟಿಯ ಹಣ್ಣಿನ ಪುಡ್ಡಿಂಗ್

ಕಳೆದ ತಿಂಗಳು ಬ್ಯಾಡರಹಳ್ಳಿಯ ನಮ್ಮ ಮನೆ ಹತ್ತಿರದ ಅಂಗಡಿಗೆ ಸಾಸಿವೆ ತರಲು ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ, ಕಸೂರಿ ಮೇಥಿಯ ಪಕ್ಕದಲ್ಲಿ, ಚೈನಾ ಗ್ರಾಸ್ ಪೊಟ್ಟಣಗಳನ್ನು ತೂಗುಹಾಕಿದ್ದರು. ಬಿಳಿ ಪ್ಲಾಸ್ಟಿಕ್ ದಾರದಂತೆ ಕಾಣುವ ಆ ಎಳೆಗಳನ್ನು ನೀರಿನಲ್ಲಿ ಕುದಿಸಿ ಹಾಲಿಗೆ ಬೆರೆಸಿದರೆ ಹಾಲು ಗಟ್ಟಿಯಾಗಿ ಪುಡ್ಡಿಂಗ್ ಆಗುತ್ತದೆ. ಪೊಟ್ಟಣ ಇಳಿಸಿಕೊಟ್ಟ ಅಂಗಡಿಯವನು ಇನ್ನೇನು ಬೇಕೆಂದು ಎರಡು ಸಲ ಕೇಳಿದ. ನನಗೆ ಸಾಸಿವೆ ಮರೆತೇಹೋಗಿತ್ತು...

ನಾನು ಚಿಕ್ಕವಳಿದ್ದಾಗ ನಾವು ಗೋವಿಂದರಾಜನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಒಂದೇ ಗೇಟಿನೊಳಗೆ ನಾಲ್ಕು ಮನೆ. ಮುಂದಿನ ದೊಡ್ಡ ಮನೆ ಓನರ್ ಅಮ್ಮನದು. ಮನೆ ಕೇಳಿಕೊಂಡು ಬಂದವರಿಗೆ ಅವರ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಊಟದ್ದು. ಮಾಂಸ ಹಾಗಿರಲಿ, ಮೊಟ್ಟೆ ತಿನ್ನುವವರಿಗೂ ಅಲ್ಲಿ ಮನೆಯಿಲ್ಲ. ಹಾಗಾಗಿ ಅಲ್ಲಿದ್ದ ನಾವೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯ ಲಿಂಗಧಾರಿಗಳೇ.

ನಮ್ಮ ಬಾಗಿಲಿಗೆ ಎದುರಾಗಿದ್ದ ಮನೆಯಲ್ಲಿ ಆಂಟಿ ಮತ್ತು ಅಂಕಲ್ ಇದ್ದರು. ಆಗ ನಮಗೆ ತಿಂಡಿ ಎಂದರೆ ಸ್ಕೂಲಿನ ಗೇಟಿನ ಹತ್ತಿರ ಸಿಗುತ್ತಿದ್ದ ಜೇನು ಮಿಠಾಯಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಬೆರಳಿಗೆ ಉಂಗುರದಂತೆ ಸಿಕ್ಕಿಸಿಕೊಂಡು ಒಂದೊಂದಾಗಿ ಕಚ್ಚುವ ಬೋಟಿ. ಮನೆಯಲ್ಲಾದರೆ ಅಜ್ಜಿಯ ಕೋಡುಬಳೆ. ಪುಡ್ಡಿಂಗ್ ಎಂಬ ಪದವನ್ನು ನಾನು ಮೊದಲು ಕೇಳಿದ್ದೇ ಆಂಟಿಯ ಬಾಯಲ್ಲಿ. ಭಾನುವಾರ ಮಧ್ಯಾಹ್ನ ಅವರು ಅನಾನಸ್ ಹೆಚ್ಚಿ ಸಕ್ಕರೆಯಲ್ಲಿ ಬೇಯಿಸಲು ಇಟ್ಟರೆ ಆ ಘಮ ಅಂಗಳ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನಾನು ಓಡಿಹೋಗಿ ಅವರ ಒಲೆಯ ಪಕ್ಕ ನಿಲ್ಲುತ್ತಿದ್ದೆ.

"ಹಸೀದು ಹಾಕಿದ್ರೆ ಹಾಲು ಒಡೆದೋಗುತ್ತೆ ಪುಟ್ಟಿ, ಅದಕ್ಕೇ ಬೇಯಿಸೋದು," ಎನ್ನುತ್ತಿದ್ದರು.

ಚೈನಾ ಗ್ರಾಸ್ ಕರಗಿಸುವುದು, ಹಾಲಿಗೆ ಸೋಸುವುದು, ಸ್ಟೀಲ್ ತಟ್ಟೆಯ ತಳದಲ್ಲಿ ಬಾಳೆಹಣ್ಣು, ಸಪೋಟ, ದ್ರಾಕ್ಷಿ ಜೋಡಿಸುವುದು, ಎಲ್ಲವನ್ನೂ ನೋಡುತ್ತಿದ್ದೆ. ತಟ್ಟೆ ಫ್ರಿಜ್ಜಿಗೆ ಹೋದ ಮೇಲೆ ನನ್ನ ತಮ್ಮ ಹತ್ತು ಸಲ ಬಂದು ಆಯ್ತಾ ಎಂದು ಕೇಳುತ್ತಿದ್ದ. ಚಾಕುವಿನಿಂದ ಕತ್ತರಿಸಿದ ತುಂಡುಗಳು ತಟ್ಟೆಯಲ್ಲಿ ನಡುಗುತ್ತಿದ್ದವು. ಮೊದಲ ಬಟ್ಟಲು ನಮ್ಮ ಅಜ್ಜಿಗೆ. ಅವಳಿಗೆ ಹಲ್ಲಿರಲಿಲ್ಲ. ಸಂಜೆಯ ಲಿಂಗಪೂಜೆ ಮುಗಿಸಿ, ಗೋಡೆಗೆ ಒರಗಿ ಕೂತು, ನಾಲಿಗೆಯ ಮೇಲೆ ಅದನ್ನು ಕರಗಲು ಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆಂಟಿಯನ್ನು ಅವಳು ಮಗಳೇ ಎಂದು ಕರೆಯುತ್ತಿದ್ದಳು.

ಆ ವರ್ಷ ಅಂಕಲ್ಲಿಗೆ ಹುಷಾರಿರಲಿಲ್ಲ. ಕಾಮಾಲೆ ಎಂದು ಆಂಟಿ ಹೇಳಿದ್ದರು. ಅವರು ಕೆಲಸಕ್ಕೆ ರಜೆ ಹಾಕಿ ಒಳಗಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ಆಂಟಿ ನಮ್ಮನ್ನು ಮನೆಯೊಳಗೆ ಕರೆಯುವುದು ನಿಲ್ಲಿಸಿದರು. ಪುಡ್ಡಿಂಗ್ ಬರುತ್ತಿತ್ತು, ಆದರೆ ನಾನು ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ನೋಡಬೇಕಾಗಿತ್ತು. ಅವರ ಮುಖ ಸಣ್ಣದಾಗಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದರು...

ಒಂದು ಸೋಮವಾರ ಬೆಳಗ್ಗೆ ನಾವು ಸ್ಕೂಲಿಗೆ ಹೊರಟಿದ್ದೆವು. ಗೇಟಿನ ಹತ್ತಿರ ಓನರ್ ಅಮ್ಮ ಹಣೆ ತುಂಬ ವಿಭೂತಿ ಧರಿಸಿ ನಿಂತಿದ್ದರು. ಬೀದಿನಾಯಿಯೊಂದು ಕಸದ ಡಬ್ಬಿಯಿಂದ ನ್ಯೂಸ್‌ಪೇಪರಿನ ಗಂಟೊಂದನ್ನು ಎಳೆದು ಹರಿದಿತ್ತು. ರಂಗೋಲಿಯ ಮೇಲೆಲ್ಲ ಅನಾನಸ್ ಸಿಪ್ಪೆ ಚೆಲ್ಲಿತ್ತು. ಅದರ ನಡುವೆ ಮೊಟ್ಟೆಯ ಚಿಪ್ಪು, ಒಂದೆರಡಲ್ಲ, ರಾಶಿ.

ಓನರ್ ಅಮ್ಮ ಎಲ್ಲ ಮನೆಯವರನ್ನೂ ಕೂಗಿದರು. ನಮ್ಮ ಅಮ್ಮ ಬಂದಳು, ಅಜ್ಜಿ ಬಾಗಿಲು ಹಿಡಿದು ನಿಂತಳು. ಅಂಕಲ್ ಅಂದು ಬೆಳಗ್ಗೆಯೇ ಆಸ್ಪತ್ರೆಗೆ ಹೋಗಿದ್ದರು. ಆಂಟಿ ಒಬ್ಬರೇ ಹೊರಗೆ ಬಂದರು. ನೆಲ ನೋಡಿದರು.

"ಈ ವಠಾರದಲ್ಲಿ ಅನಾನಸ್ ತರೋರು ನೀವೊಬ್ರೇ. ಈ ಚಿಪ್ಪು ಎಲ್ಲಿಂದ ಬಂತ್ರೀ?"

ಆಂಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ನಿಮ್ಮನೇಲಿ ಮೊಟ್ಟೆ ತಿನ್ನೋರು ಯಾರು? ನಿಮ್ಮ ಯಜಮಾನ್ರಾ? ಕಾಮಾಲೆ ಆದೋರು ಯಾರಾದ್ರೂ ಮೊಟ್ಟೆ ಮುಟ್ತಾರಾ? ಏನಾಗಿದೆ ಅವರಿಗೆ?"

ಆಗ ಆಂಟಿ ತಲೆ ಎತ್ತಿದರು. "ಅವರಿಗಲ್ಲ. ಪುಡ್ಡಿಂಗ್‌ಗೆ ಹಾಕ್ತಿದ್ದೆ," ಎಂದರು.

ನನಗೆ ತಡೆಯಲಾಗಲಿಲ್ಲ. "ಇಲ್ಲ, ಆಂಟಿ ಮೊಟ್ಟೆ ಹಾಕಲ್ಲ. ನಾನು ಯಾವಾಗ್ಲೂ ನೋಡ್ತೀನಿ. ಚೈನಾ ಗ್ರಾಸ್ ಹಾಕ್ತಾರೆ," ಎಂದೆ.

ಆಂಟಿ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಈಗಲೂ ಕಾಣುತ್ತದೆ. ಸಿಟ್ಟಲ್ಲ, ಬೇಡ ಎಂದು ಬೇಡಿಕೊಳ್ಳುವಂಥ ನೋಟ. "ನೀನು ಆ ಕಡೆ ಹೋದ್ಮೇಲೆ ಹಾಕ್ತಿದ್ದೆ ಪುಟ್ಟಿ," ಎಂದರು.

ಅಜ್ಜಿ ಕೊರಳಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಸಿದು ಕೂತಳು. "ಲಿಂಗ ಇರೋ ಮೈಗೆ ಏನು ತಿನ್ನಿಸಿಬಿಟ್ಯೇ," ಎಂದಳು. ಆಂಟಿ ಅವಳತ್ತ ಒಂದು ಹೆಜ್ಜೆ ಇಟ್ಟರು. ಅಜ್ಜಿ ಕೈ ಅಡ್ಡ ಹಿಡಿದಳು. ಅಲ್ಲಿಗೆ ಮುಗಿಯಿತು. ತಿಂಗಳೊಳಗೆ ಮನೆ ಖಾಲಿ ಮಾಡಬೇಕೆಂದು ಓನರ್ ಅಮ್ಮ ಹೇಳಿ ಒಳಗೆ ಹೋದರು.

ಅಜ್ಜಿ ಮೂರು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಮ್ಮನ ನಡವಳಿಕೆಯೂ ಬದಲಾಯಿತು. ನಾನು ಕೆಮ್ಮಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದಳು. ಹಣೆ ಮುಟ್ಟಿ, ಕೊರಳು ಸವರಿ, ಏನೂ ಹೇಳದೆ ಹೋಗುತ್ತಿದ್ದಳು. ಒಂದು ದಿನ ಅಜ್ಜಿಗೆ ತಿಳಿಯದಂತೆ ನನ್ನನ್ನೂ ತಮ್ಮನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮುಂಗೈಗೆ ಸೂಜಿ ಚುಚ್ಚಿ, ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಮೊಟ್ಟೆ ತಿಂದವರಿಗೆಲ್ಲ ಹೀಗೆ ಚುಚ್ಚುತ್ತಾರೆ ಎಂದುಕೊಂಡೆ. ಮತ್ತೆ ತೋರಿಸಲು ಹೋಗುವವರೆಗೆ ಅಮ್ಮ ಊಟಕ್ಕೆ ಕೂತಾಗಲೂ ನಮ್ಮ ಕೈಗಳನ್ನೇ ನೋಡುತ್ತಿದ್ದಳು. ಡಾಕ್ಟರ್ ಏನೂ ಇಲ್ಲ ಎಂದಾಗ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು.

ಆಂಟಿ ಹೊರಟ ದಿನ ಅಜ್ಜಿ ಬಾಗಿಲು ತೆರೆಯಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಲಗೇಜ್ ಆಟೋದಲ್ಲಿ ಫ್ರಿಜ್ಜು, ಅದಕ್ಕೆ ಒರಗಿ ಕೂತ ಅಂಕಲ್, ಅವರ ಕುತ್ತಿಗೆಗೆ ಬಿಸಿಲಿನಲ್ಲೂ ಮಫ್ಲರ್... ಆಮೇಲೆ ಅಜ್ಜಿ ಸಾಯುವ ತನಕ ಬೇರೆಯವರ ಮನೆಯ ಪ್ರಸಾದವನ್ನೂ ಬಾಯಿಗೆ ಹಾಕಲಿಲ್ಲ.

ಕಳೆದ ತಿಂಗಳು ಅಂಗಡಿಯಿಂದ ತಂದ ಆ ಚೈನಾ ಗ್ರಾಸ್ ಪೊಟ್ಟಣವನ್ನು ಅಮ್ಮನ ಮುಂದೆ ಇಟ್ಟೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿಮ್ಮ ಆಂಟಿ ತೀರ್ಕೊಂಡ್ಲು ಕಣೇ. ಮೊನ್ನೆ ಫೋನ್ ಬಂದಿತ್ತು. ನಿಂಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ."

ಕೆಲವು ವರ್ಷಗಳ ಹಿಂದೆ ಯಾರದೋ ಮದುವೆಯಲ್ಲಿ ಅಮ್ಮನೂ ಆಂಟಿಯೂ ಸಿಕ್ಕಿ ನಂಬರ್ ಬದಲಾಯಿಸಿಕೊಂಡಿದ್ದರಂತೆ. ನನಗೆ ಅದೂ ಗೊತ್ತಿರಲಿಲ್ಲ. ಮರುದಿನ ಕೆಂಗೇರಿಯ ಅವರ ಮನೆಗೆ ಹೊರಟೆವು. ಆಟೋದಲ್ಲಿ ಅಮ್ಮ, ನನ್ನ ಮುಖ ನೋಡದೆ, ಎಲ್ಲವನ್ನೂ ಹೇಳಿದಳು.

ಅಂಕಲ್ಲಿಗೆ ಬಂದಿದ್ದು ಕಾಮಾಲೆಯಲ್ಲ, ಟಿಬಿ. ಶಕ್ತಿ ಬರಲು ದಿನಾ ಮೊಟ್ಟೆ ಕೊಡಿ ಎಂದು ಡಾಕ್ಟರ್ ಹೇಳಿದ್ದರು. ಟಿಬಿ ಎಂದು ಬಾಯಿಬಿಟ್ಟರೆ ಅಂಕಲ್ಲಿನ ಕೆಲಸ ಹೋಗುತ್ತಿತ್ತು, ಬೇರೆಲ್ಲೂ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ಆ ಸೋಮವಾರ ಸಂಜೆ ಅಮ್ಮ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಆಂಟಿ ಹಿಂದೆಯೇ ಬಂದಿದ್ದರಂತೆ. ಪುಡ್ಡಿಂಗ್‌ಗೆ ಮೊಟ್ಟೆ ಹಾಕಿಲ್ಲ, ಆದರೆ ನಿಮ್ಮ ಮಕ್ಕಳು ನಮ್ಮ ಮನೆಗೆ ಬಂದುಹೋಗುತ್ತಿದ್ದರು, ಒಮ್ಮೆ ತೋರಿಸಿಬಿಡಿ ಎಂದು ಹೇಳಿ, ಇನ್ನು ಯಾರಿಗೂ ಹೇಳಬೇಡಿ ಎಂದು ಅಮ್ಮನ ಕೈ ಹಿಡಿದುಕೊಂಡಿದ್ದರು.

"ಕಪಾಳಕ್ಕೆ ಹೊಡಿಬೇಕು ಅನ್ನಿಸ್ತು. ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ. ಆದ್ರೆ ಅವಳು ಹೇಳ್ದೆ ಹೋಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ ಅಲ್ವಾ..."

"ಅಜ್ಜಿಗೆ?"

"ಅತ್ತೆಗೆ ಗೊತ್ತಾದ್ರೆ ವಠಾರಕ್ಕೆಲ್ಲ ಗೊತ್ತಾದ ಹಾಗೆ. ಹೇಳ್ಲಿಲ್ಲ. ಅವರು ಇಲ್ಲೇನೋ ಹಾಳಾಯ್ತು ಅಂತ ಎದೆ ಮುಟ್ಕೊಂಡಾಗೆಲ್ಲ ಬಾಯಿಗೆ ಬಂದಿದ್ದನ್ನ ನುಂಗ್ಕೊಂಡೆ."

ಕೆಂಗೇರಿಯಲ್ಲಿ ಅಂಕಲ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರ ಬಂದಿದ್ದರೂ ಬೆನ್ನು ನೇರವಾಗಿತ್ತು. ಒಳಗೆ ಆಂಟಿಯ ಫೋಟೋಗೆ ಸೇವಂತಿಗೆ ಹಾರ ಹಾಕಿದ್ದರು. ನಾವು ನಮಸ್ಕಾರ ಮಾಡಿ ಕೂತೆವು. ಅಂಕಲ್ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಅಮ್ಮನನ್ನು ಕೇಳಿದರು.

"ಒಂದು ಮಾತು ಕೇಳ್ಲಾ ಅಮ್ಮ? ನಿಮ್ಮತ್ತೆ ಇವಳನ್ನ ಅಷ್ಟು ಹಚ್ಕೊಂಡಿದ್ರು. ನಾವು ಮನೆ ಬಿಡೋ ದಿನ ಹೊರಗೂ ಬರ್ಲಿಲ್ಲ. ಓನರ್ ಮಗನಿಗೆ ಮನೆ ಬೇಕಿತ್ತು, ಬಿಡಿಸಿದ್ರು ಅಂತ ಇವಳು ಹೇಳ್ತಿದ್ಲು. ಅಜ್ಜಿ ವಿಷ್ಯ ಕೇಳಿದ್ರೆ ಮಾತು ಮರೆಸ್ತಿದ್ಲು. ನಮ್ಮಿಂದ ಏನಾದ್ರೂ ತಪ್ಪಾಗಿತ್ತಾ?"

ಆಂಟಿ ಗಂಡನಿಗೂ ಹೇಳಿರಲಿಲ್ಲ. ಅವರ ಬಟ್ಟಲಿನ ಮೊಟ್ಟೆಗಾಗಿ ತಾನು ಅಂಗಳದಲ್ಲಿ ನಿಂತು ಏನು ಹೊತ್ತುಕೊಂಡೆ ಎಂಬುದನ್ನು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು.

"ಏನೂ ಇಲ್ಲ ಅಣ್ಣ," ಎಂದಳು ಅಮ್ಮ. "ಅವಳು ಹೋಗೋದನ್ನ ನೋಡೋಕಾಗ್ದೆ ಅತ್ತೆ ಒಳಗೇ ಕೂತಿದ್ರು. ಅಷ್ಟೇ."

ಅಂಕಲ್ ನಿಧಾನವಾಗಿ ತಲೆಯಾಡಿಸಿದರು. "ಹಂಗಾ... ಹಂಗಾದ್ರೆ ಸರಿ," ಎಂದು ಕಣ್ಣೊರೆಸಿಕೊಂಡರು.

ಬರುವಾಗ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಜ್ಜಿಯ ಪಕ್ಕ ಕೂತು, ನೀನು ತಿಂದದ್ದರಲ್ಲಿ ಹಾಲು, ಹಣ್ಣು, ಸಕ್ಕರೆ ಬಿಟ್ಟು ಬೇರೇನೂ ಇರಲಿಲ್ಲ ಎಂದು ಹೇಳಬೇಕೆನಿಸಿತು. ಆಂಟಿಯನ್ನು, ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ ಅಲ್ವಾ ಎಂದು ಕೇಳಬೇಕೆನಿಸಿತು. ಇಬ್ಬರೂ ಈಗ ಇಲ್ಲ.