ಬೆಲ್ಲ ಬೆರೆಸಿದ ಬಣ್ಣ

ರಾಯಚೂರಿನಲ್ಲಿ ನಾನು ಬರೆದ ಮೊದಲ ನದಿ ಅರ್ಧ ದಾರಿಯಲ್ಲೇ ಒಣಗಿಹೋಯಿತು. ಕಾಗದದ ಎಡಗಡೆಯಿಂದ ನೀಲಿ ಬಳಿಯುತ್ತ ನಡುವಿಗೆ ಬರುವಷ್ಟರಲ್ಲಿ ಹಿಂದಿನ ಬಣ್ಣ ಒಣಗಿ ಗೆರೆ ಕಟ್ಟಿತ್ತು. ಮತ್ತೆ ಕುಂಚ ಅದ್ದಿದೆ. ಮತ್ತೊಂದು ಗೆರೆ. ಕೊನೆಗೆ ನೋಡಿದರೆ ನದಿಯಲ್ಲ, ಪಟ್ಟೆಪಟ್ಟೆ ಜಮಖಾನೆ. ಸಿಟ್ಟಿಗೆ ಕುಂಚವನ್ನು ಗೋಡೆಗೆ ಎಸೆದೆ.

ಕುಮಟೆಯಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬಂದೀತು. ನಮ್ಮಲ್ಲಿ ಮಳೆಗಾಲಕ್ಕೆ ಬಳಿದ ಬಣ್ಣ ಮರುದಿನವೂ ಬೆರಳಿಗೆ ಹತ್ತುತ್ತದೆ, ಒಣಗಲಿ ಎಂದು ಒಲೆಯ ಪಕ್ಕಕ್ಕೆ ಇಡುತ್ತೇವೆ. ಇಲ್ಲಿ ಕುಂಚದ ತುದಿಯಲ್ಲೇ ಒಣಗುತ್ತದೆ. ಯಜಮಾನರಿಗೆ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಕೆಲಸವಾಯಿತೆಂದು ಬಂದವಳು ನಾನು. ಹೊರಡುವಾಗ ಕುಮಟೆಯ ಮುದ್ರಕರೊಬ್ಬರು ಮಕ್ಕಳ ಕಥೆಪುಸ್ತಕಕ್ಕೆ ಚಿತ್ರ ಬರೆಯಲು ಒಪ್ಪಿಸಿದ್ದರು. ಮೊಸಳೆಯ ಕಥೆ. ನನ್ನ ಹೆಸರು ಹಾಕಿ ಅಚ್ಚಾಗುವ ಮೊದಲ ಕೆಲಸ. ಶ್ರಾವಣಕ್ಕೆ ಅವರ ಮನುಷ್ಯ ಚಿತ್ರಗಳ ಅಚ್ಚಿನ ಬ್ಲಾಕು ಮಾಡಿಸಲು ಮುಂಬಯಿಗೆ ಹೋಗುವವನಿದ್ದ. ಅಷ್ಟರೊಳಗೆ ಕೊಡದಿದ್ದರೆ ಕೆಲಸ ಬೇರೆಯವರ ಪಾಲು.

ಮಹಾಯುದ್ಧದಿಂದಾಗಿ ವಿಲಾಯಿತಿಯ ಬಣ್ಣದ ಡಬ್ಬಿ ಬರುವುದೇ ನಿಂತಿತ್ತು. ಇದ್ದದ್ದರಲ್ಲೇ ಮಾಡಿಕೊಳ್ಳಬೇಕು. ಮಾನ್ವಿ ಕಡೆಯ ಕೆಂಪು ಮಣ್ಣು ಸೋಸಿ ಅರೆದೆ, ದೀಪದ ಕಾಡಿಗೆ ಕೂಡಿಸಿದೆ, ಬಣ್ಣಗಾರರಿಂದ ನೀಲಿ ತರಿಸಿದೆ. ಅಂಟಿಗೆ ಜಾಲಿಯ ಗೋಂದು ಕೊಟ್ಟವರು ಪಕ್ಕದ ಮನೆಯ ಶರಣಮ್ಮ, ಅಕ್ಕಿ ಗಿರಣಿಯವರ ಹೆಂಡತಿ. ಅವರ ತವರು ದೇವದುರ್ಗದ ಕಡೆಯ ಗಬ್ಬೂರು.

ಗೋಂದು ಹೆಚ್ಚಿಸಿದರೆ ಬಣ್ಣ ಬಿರುಕು ಬಿಟ್ಟು ಸಿಪ್ಪೆಯಾಗಿ ಉದುರಿತು. ನೀರು ಹೆಚ್ಚಿಸಿದರೆ ಮೊಸಳೆ ಬಿಳಿಚಿಕೊಂಡಿತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ನಾನು ತಣ್ಣಗಾದೆ, ಬಣ್ಣ ಮಾತ್ರ ಜಗ್ಗಲಿಲ್ಲ. ಊಟವೂ ಹಾಗೆಯೇ. ಅಲ್ಲಿ ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವಳಿಗೆ ಇಲ್ಲಿಯ ಖಡಕ್ ರೊಟ್ಟಿ, ಎಂದರೆ ಒಣಗಿಸಿಟ್ಟ ಜೋಳದ ರೊಟ್ಟಿ, ಗಂಟಲಲ್ಲಿ ಇಳಿಯದು. ಊಟವನ್ನೂ ಬಣ್ಣವನ್ನೂ ಒಣಗಿಸಿಯೇ ಬಿಡುವ ಊರು ಎಂದು ಯಜಮಾನರ ಮುಂದೆ ಅತ್ತೆ.

ಒಂದು ಮಧ್ಯಾಹ್ನ ಶರಣಮ್ಮ ಬಂದರು. ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ, ನೀರು ತಂದಿಟ್ಟೆ.

"ಇದೇನ್ರಿ ಅಕ್ಕಾರ, ಬರೇ ಬೆಲ್ಲ? ಚಾ ಮಾಡೂದು ಬ್ಯಾಸರಾತೇನು?"

"ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಇದೇ."

"ಹಂಗಾದ್ರ ನಾ ದಿನಾ ಬರೂದಿಲ್ರಿ!" ಎಂದು ನಗುತ್ತ ಬೆಲ್ಲ ಮುರಿದರು. ನನ್ನ ಪಾಲಿನ ಚೂರೊಂದು ಜಾರಿ ನೀಲಿಯ ಬಟ್ಟಲಿಗೆ ಬಿತ್ತು. ಇರುವ ನೀಲಿಯೂ ಹಾಳಾಯಿತಲ್ಲ ಎಂದು ಹಣೆ ಬಡಿದುಕೊಂಡೆ. ಸಂಜೆ ಚೆಲ್ಲಲು ಹೋದರೆ ಉಳಿದ ಬಟ್ಟಲುಗಳೆಲ್ಲ ಒಣಗಿ ಬಿರಿದಿವೆ, ಆ ನೀಲಿ ಮಾತ್ರ ಇನ್ನೂ ಒದ್ದೆ! ಅದನ್ನೇ ಬಳಿದೆ. ಗೆರೆಯಿಲ್ಲದೆ ನದಿ ಈ ಅಂಚಿನಿಂದ ಆ ಅಂಚಿಗೆ ಹರಿಯಿತು. ಎಷ್ಟು ಬೆಲ್ಲ, ಎಷ್ಟು ಗೋಂದು ಎಂದು ಹಾಳು ಕಾಗದದ ಮೇಲೆ ಬಳಿದು ಬಳಿದು ಹದ ಹಿಡಿದೆ.

ಹೆಚ್ಚಿಗೆ ಬರೆದ ಒಂದು ಮೊಸಳೆಯನ್ನು ಶರಣಮ್ಮನಿಗೆ ಕೊಟ್ಟೆ. "ಇದು ನಮ್ಮ ತವರಮನಿ ಕಡಿ ಗೂಗಲ್ ಊರಿನ ಹೊಳಿನ ಅದ ನೋಡ್ರಿ!" ಎಂದು ಪಡಸಾಲೆಯ ಗೋಡೆಗೆ ಅಂಟಿಸಿದರು. ನಾನು ಬರೆದದ್ದು ನಮ್ಮ ಕುಮಟೆ ಕಡೆಯ ಅಘನಾಶಿನಿ. ಆದರೆ ಅಂಚಿನ ಬಂಡೆಗಳು ಯಾವಾಗ ಈ ಕಡೆಯವಾದವೋ ನನಗೂ ತಿಳಿಯಲಿಲ್ಲ.

ಆಷಾಢದಲ್ಲಿ ಚಿತ್ರಗಳ ಕಟ್ಟು ಎದೆಗವಚಿಕೊಂಡು ಹೊರಟೆ. ಗುಂತಕಲ್ಲು, ಹುಬ್ಬಳ್ಳಿ ದಾಟಿ ಘಟ್ಟ ಇಳಿಯುವಾಗ ಜಡಿಮಳೆ. ಚಿತ್ರಗಳ ಕಟ್ಟಿಗೆ ಹನಿ ನೀರೂ ತಾಗದಂತೆ ಮೇಣದ ಬಟ್ಟೆ ಸುತ್ತಿದ್ದೆ. ಕುಮಟೆಯಲ್ಲಿ ಎರಡು ದಿನ ವಿಶ್ರಮಿಸಿ ಮುದ್ರಕರ ಮುಂದೆ ಬಿಚ್ಚಿದರೆ ಹಾಳೆಗೆ ಹಾಳೆ ಅಂಟಿಕೊಂಡಿದೆ. ಎಬ್ಬಿಸಿದಲ್ಲೆಲ್ಲ ಮೊಸಳೆಯ ಚರ್ಮ ಕಿತ್ತು ಬಂತು. ಸಂದಿಯಿಂದ ಇರುವೆಗಳು ಹೊರಟವು. ಗಾಳಿಯ ಪಸೆಗೇ ಬೆಲ್ಲ ನೀರೊಡೆದಿತ್ತು.

"ಇದೆಂತದು ತಂಗೀ, ಚಿತ್ರವೋ ಹಲಸಿನ ಹಪ್ಪಳವೋ?"

"ಅಲ್ಲಿ ಗರಿಗರಿಯಾಗಿ ಒಣಗಿತ್ತು. ನಿಜವಾಗಿಯೂ."

"ಒಣಗಿರಬಹುದು ಮಾರಾಯ್ತಿ. ಪುಸ್ತಕ ಆಗೋದು ಇಲ್ಲಿ ಅಲ್ಲವೋ?"

ನಾಲ್ಕು ದಿನದ ಗಡುವು ಬೇಡಿಕೊಂಡೆ. ತಾಯಿಮನೆಯ ಜಗಲಿಯಲ್ಲಿ ಬೆಲ್ಲ ಬಿಟ್ಟು ಮತ್ತೆ ಬರೆಯಲು ಕೂತೆ. ಕೈಗೆ ರಾಯಚೂರಿನ ಅವಸರ ಹತ್ತಿಬಿಟ್ಟಿತ್ತು. ಮೊದಲಿನದು ಆರುವ ಮುನ್ನವೇ ಮೇಲೆ ಬಳಿದು ಎಲ್ಲ ಕಲಸಿ ರಾಡಿ ಮಾಡಿದೆ. "ನಿಧಾನ ಮಾಡೇ, ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ" ಎಂದಳು ಹೆತ್ತ ಆಯಿ. ನಿಧಾನ ಎಂಬುದೇ ನನ್ನ ಕೈಯಿಂದ ಹೋಗಿತ್ತು. ಮೊಸಳೆ ಬೇರೆಯವರ ಪಾಲಾಯಿತು.

ರಾಯಚೂರಿಗೆ ಮರಳಿದಾಗ ಶರಣಮ್ಮ ಕೇಳಿದರು, "ಪುಸ್ತಕ ಎಲ್ಲೈತ್ರಿ?" ಎಲ್ಲ ಹೇಳಿದೆ. ಅವರ ಗೋಡೆಯ ಮೇಲಿನ ಚಿತ್ರ ಕೊಟ್ಟಾಗ ಇದ್ದಂತೆಯೇ ಇತ್ತು, ಬೆರಳಾಡಿಸಿದರೂ ಹತ್ತಲಿಲ್ಲ.

"ಹೋಗ್ಲಿ ಬಿಡ್ರಿ. ಇಲ್ಲಿ ಹುಡುಗ್ರಿಗೇನು ಪುಸ್ತಕ ಬ್ಯಾಡೇನು? ನನ್ನ ಮಗಳು ಇಲ್ಲಿ ಸರಕಾರದ ಸಾಲ್ಯಾಗ ಬರೇ ಉರ್ದು ಓದ್ತಾಳ. ಕನ್ನಡದಾಗ ಒಂದಾದ್ರೂ ಚಿತ್ರದ ಪುಸ್ತಕ ಆಕಿ ಕೈಗೆ ಬಂದಿಲ್ರಿ."

"ಅಚ್ಚು ಹಾಕುವವರು ಯಾರು?" ಎಂದು ರೇಗಿದೆ.

ಅಚ್ಚು ಹಾಕುವವರಿರುವ ಊರಲ್ಲಿ ನನ್ನ ಬಣ್ಣ ಒಣಗುವುದಿಲ್ಲ, ಬಣ್ಣ ಒಣಗುವ ಊರಲ್ಲಿ ಅಚ್ಚು ಹಾಕುವವರಿಲ್ಲ. ಎರಡೂ ಊರಿನ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಅವರ ಮಗಳು ಗೋಡೆಯ ಮುಂದೆ ನಿಂತು, "ಮೊಸಳಿ ಮುಂದೇನು ಮಾಡ್ತದ್ರಿ?" ಎಂದಳು. ನಾನು ಕೂತು ಹೇಳತೊಡಗಿದೆ. "ಒಂದಾನೊಂದು ಊರಿನಲ್ಲಿ" ಎಂದೆ. ಯಾವ ಊರು ಎಂದು ಅವಳು ಕೇಳಿದಾಗ ಗೋಡೆಯ ಚಿತ್ರ ತೋರಿಸಿ, "ಹೊಳೆ ನಮ್ಮೂರಿನದು, ಬಂಡೆ ನಿಮ್ಮೂರಿನದು" ಎಂದೆ.