ಮೇಷ್ಟ್ರ ಸೀ ಡ್ರ್ಯಾಗನ್

ಕರ್ಪೂರ ಮತ್ತು ಒಣಮೀನಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದು ಹೋದ ವಾರ, ಒಂದು ಕಾಲೇಜಿನ ಪ್ರಾಣಿಸಂಗ್ರಹದ ಕಪಾಟು ತೆರೆದಾಗ. ಕುರ್ಚಿ ಕೇಳಿ ಕುಳಿತುಬಿಟ್ಟೆ. ವಯಸ್ಸಾಯಿತಲ್ಲ ಎಂದು ಅಲ್ಲಿದ್ದವರು ನೀರು ತರಿಸಿದರು. ವಯಸ್ಸಲ್ಲ, ಭಯ...

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ರಜಕ್ಕೆ ಶ್ರೀನಿವಾಸಪುರಕ್ಕೆ ಬರುತ್ತಿದ್ದೆ. ಪಕ್ಕದ ಮನೆಯಲ್ಲಿ ಸೈನ್ಸ್ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದರು; ಪುಟ್ಟ ಮಗಳೊಬ್ಬಳು. ಅವರ ಮೇಜಿನ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆ. ಅದರೊಳಗೆ, ಹುಳು ಹಿಡಿಯದಿರಲೆಂದು ಇಟ್ಟ ಕರ್ಪೂರದ ನಡುವೆ, ಸೀ ಡ್ರ್ಯಾಗನ್ ಎಂಬ ಒಣಗಿದ ಒಂದು ಕಡಲಮೀನು. ಚಿನ್ನದ ಗಣಿಯಲ್ಲಿದ್ದ ಆಸ್ಟ್ರೇಲಿಯಾದ ದೊರೆಯೊಬ್ಬ ಸ್ವದೇಶಕ್ಕೆ ಮರಳುವಾಗ ಕೊಟ್ಟದ್ದು. ಕೊಳವೆಯಂಥ ಮೂತಿ, ಮೈಮೇಲೆ ಅಲ್ಲಲ್ಲಿ ಎಲೆಯಂಥ ಚೂರುಗಳು.

ಅದು ಸಮುದ್ರಕುದುರೆಯ ದಾಯಾದಿ ಎನ್ನುತ್ತಿದ್ದರು ಮೇಷ್ಟ್ರು. ಜಠರವೇ ಇಲ್ಲದ್ದರಿಂದ ದಿನವಿಡೀ ಸಣ್ಣ ಸಿಗಡಿಗಳನ್ನು ಮೂತಿಯಿಂದ ಹೀರುತ್ತಲೇ ಇರಬೇಕು. ಕಚ್ಚಲು ಹಲ್ಲಿಲ್ಲ, ಓಡಲು ಬಲವಿಲ್ಲ. ಆಪತ್ತು ಬಂದರೆ ಕಡಲಕಳೆಯ ನಡುವೆ ತಾನೂ ಒಂದು ಕಳೆಯಂತೆ ತೂಗುತ್ತ ನಿಲ್ಲುತ್ತದೆ. ಸಮುದ್ರಕುದುರೆಯ ಹಾಗೆ ಬಾಲದಿಂದ ಏನನ್ನೂ ಹಿಡಿದುಕೊಳ್ಳಲಾರದು. ಬಿರುಗಾಳಿ ಎದ್ದರೆ ದಡಕ್ಕೆ ಬಿದ್ದು ಸಾಯುತ್ತದೆ. ಮೊಟ್ಟೆ ಹೊರುವುದು ಗಂಡು. ಹೆಣ್ಣು ಅವನ ಬಾಲದ ಅಡಿಗೆ ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಮರಿಗಳು ಹೊರಬರುವವರೆಗೂ ಅವನೇ ಹೊತ್ತು ತಿರುಗುತ್ತಾನೆ.

ಈ ಪಾಠ ಊರಿಗೆಲ್ಲ ಗೊತ್ತಿತ್ತು. ಮಗಳನ್ನು ಬೆನ್ನಿಗೆ ಹಾಕಿಕೊಂಡು ಮೇಷ್ಟ್ರು ಹೊರಟರೆ ಎದುರಂಗಡಿಯ ಶೆಟ್ಟರು ಕೂಗುತ್ತಿದ್ದರು: "ಏಮಿ ಮೇಷ್ಟ್ರೇ, ಮೊಟ್ಟೆ ಇನ್ನೂ ಒಡೀಲಿಲ್ವಾ?"

"ಒಡೆದ್ರೆ ಮೊದ್ಲು ನಿಮ್ಮಂಗಡೀಗೇ ಬರೋದು ಶೆಟ್ರೇ. ಬೆಲ್ಲದ ಡಬ್ಬಿ ಮುಚ್ಚಿಟ್ಕೊಳ್ಳಿ."

ಆ ವರ್ಷ ಅದೇ ಅಂಗಡಿಯಲ್ಲಿ ಇಲಿ ಬಿತ್ತು. ಇಲಿ ಬಿತ್ತೆಂದರೆ ಪ್ಲೇಗು, ಊರು ಬಿಡಬೇಕು. ಮನೆಗಳಿಗೆ ಬೀಗ ಹಾಕಿ ಎಲ್ಲರೂ ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಕೊಂಡೆವು. ರೋಗ ಸೋಕದಿರಲೆಂದು ಮಕ್ಕಳ ಕೊರಳಿಗೆ ಕರ್ಪೂರದ ಗಂಟು ಕಟ್ಟುತ್ತಿದ್ದರು. ಮೇಷ್ಟ್ರು ಕಟ್ಟಿದ್ದು ಆ ಪೆಟ್ಟಿಗೆಯ ಕರ್ಪೂರವನ್ನು. ಹಾಗಾಗಿ ಅವರ ಮಗಳು ಒಣಮೀನು ನಾರುತ್ತಿದ್ದಳು.

ಬೆಳಗಾದರೆ ಹೆಲ್ತ್ ಇನ್‌ಸ್ಪೆಕ್ಟರು ಬಂದು ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದರು. ಗಡ್ಡೆ ಸಿಕ್ಕಿದರೆ ಕೆರೆಯಾಚೆಯ ಷೆಡ್ಡಿಗೆ. ಅಲ್ಲಿಂದ ತಿರುಗಿ ಬಂದವರನ್ನು ನಾವು ಯಾರೂ ಕಂಡಿರಲಿಲ್ಲ. ಒಂದು ಬೆಳಗ್ಗೆ ಇನ್‌ಸ್ಪೆಕ್ಟರು ಬಂದಾಗ ಮೇಷ್ಟ್ರು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲೆ ಪಂಚೆ ಹೊದಿಸಿ, ಬಗ್ಗಿದ ಕೊಂಬೆಯ ಕೆಳಗೆ ಮೆಲ್ಲಗೆ ತೂಗುತ್ತ ನಿಂತಿದ್ದರು.

"ಈಗ ತಾನೆ ನಿದ್ದೆ ಹೋದ್ಲು ಸ್ವಾಮಿ. ನಾಳೆ ನೋಡಿ."

ಇನ್‌ಸ್ಪೆಕ್ಟರು ಮುಂದೆ ಹೋದರು. ಪಂಚೆಯ ಸಂದಿಯಲ್ಲಿ ಮಗುವಿನ ಕಣ್ಣು ತೆರೆದೇ ಇತ್ತು, ಜ್ವರದಿಂದ ಕೆಂಪಗೆ. ನಾನು ಕಂಡುಬಿಟ್ಟೆನೆಂದು ಮೇಷ್ಟ್ರಿಗೂ ಗೊತ್ತಾಯಿತು, ಆದರೂ ತೂಗುವುದನ್ನು ನಿಲ್ಲಿಸಲಿಲ್ಲ. ಅವರ ಹಿಂದೆಯೇ ನಮ್ಮಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕೂಗಿದರೆ ಆ ಮಗು ಷೆಡ್ಡಿಗೆ, ಕೂಗದಿದ್ದರೆ ನಮ್ಮಮ್ಮ...

ನಾನು ಏನನ್ನೂ ನಿರ್ಧರಿಸಬೇಕಾಗಿ ಬರಲಿಲ್ಲ. ಮರುದಿನ ಅವರ ಗುಡಿಸಲು ಖಾಲಿಯಾಗಿತ್ತು. ಷೆಡ್ಡಿನಲ್ಲೂ ಇರಲಿಲ್ಲ, ಸುತ್ತಲ ಹಳ್ಳಿಗಳಲ್ಲೂ ಇರಲಿಲ್ಲ. ಯಾರೂ ಹುಡುಕಲು ಹೋಗದ ಜಾಗ ಒಂದೇ ಎಂದು ನನಗೆ ಹೊಳೆದದ್ದು ಕೆಲವು ದಿನ ಕಳೆದ ಮೇಲೆ. ನಾವು ಬಿಟ್ಟುಬಂದ ಊರು.

ಮಟಮಟ ಮಧ್ಯಾಹ್ನ ಹೋದೆ. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಚರಂಡಿಯ ಪಕ್ಕ ಇಲಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ನನ್ನ ಹೆಜ್ಜೆಯ ಸದ್ದಿಗೆ ನಾನೇ ಬೆಚ್ಚಿ ಮೇಷ್ಟ್ರ ಹಿತ್ತಿಲ ಬಾಗಿಲು ತಟ್ಟಿದೆ.

"ಯಾರು?"

"ನಾನು ಮೇಷ್ಟ್ರೇ, ಪಕ್ಕದ ಮನೆಯವ್ನು."

"ಅಲ್ಲೇ ನಿಲ್ಲು ಕಣೋ. ಹತ್ರ ಬರ್ಬೇಡ."

ಬಾಗಿಲು ತೆರೆಯಿತು. ಮಗಳು ಕುಂಟುತ್ತ ಹೊರಗೆ ಬಂದಳು. ಹಿಮ್ಮಡಿಗೆ ಅರಿಶಿನದ ಬಟ್ಟೆ ಸುತ್ತಿತ್ತು.

"ಮುಳ್ಳು ಕಣೋ," ಎಂದರು ಮೇಷ್ಟ್ರು, ಬಾಗಿಲ ಒಳಗಿಂದಲೇ. "ಬರೀ ಜಾಲಿ ಮುಳ್ಳು. ಕಾಲು ಕೀವಾಗಿ ತೊಡೆಸಂದೀಲಿ ಗಡ್ಡೆ ಕಟ್ಟಿತ್ತು. ನಾನು ಅದೇ ಅನ್ಕೊಂಡು ಇಲ್ಲಿ ತಂದು ಬಚ್ಚಿಟ್ಟೆ. ಮುಳ್ಳು ತೆಗ್ದೆ, ಜ್ವರ ಬಿಡ್ತು. ಕರ್ಕೊಂಡ್ಹೋಗು."

"ನೀವು?"

"ಇಲ್ಲಿ ಇಲಿ ಬಿದ್ದಿದ್ವು. ನಾನೇ ಗುಡಿಸಿ ಹಾಕ್ದೆ." ಎಡಗಂಕುಳನ್ನು ಬಲಗೈಯಲ್ಲಿ ಒತ್ತಿ ಹಿಡಿದಿದ್ದರು.

"ನಾಯ್ನಾ, ನೀನೂ ಬಾ," ಎಂದಳು ಮಗಳು, ಅಪ್ಪನ ಕಡೆ ತಿರುಗಿ.

ನಾನು ಅವಳನ್ನು ಬೆನ್ನಿಗೆ ಹಾಕಿಕೊಂಡೆ. ಕೊರಳಿನ ಗಂಟು ನನ್ನ ಕಿವಿಗೆ ತಾಗುತ್ತಿತ್ತು. ಕರ್ಪೂರ, ಒಣಮೀನು. ಉಸಿರು ಬಿಗಿಹಿಡಿದೇ ಬೀದಿಯ ತಿರುವಿನವರೆಗೆ ನಡೆದು ಒಮ್ಮೆ ಹಿಂತಿರುಗಿ ನೋಡಿದೆ. ಮೇಷ್ಟ್ರು ಮನೆಯ ಪಕ್ಕದ ಸಂದಿಯವರೆಗೆ ಬಂದು, ಗೋಡೆಯ ನೆರಳಲ್ಲಿ ನಿಂತಿದ್ದರು. ಬೆನ್ನ ಮೇಲೆ ಯಾರೂ ಇರಲಿಲ್ಲ. ಆದರೂ ಮೆಲ್ಲಗೆ ತೂಗುತ್ತಿದ್ದರು.

ಮತ್ತೆ ಅವರನ್ನು ನಾನು ಕಾಣಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯ ಸಾಮಾನೆಲ್ಲ ಸುಟ್ಟರು, ಆ ಪೆಟ್ಟಿಗೆಯನ್ನೂ.

ತೂಗಾಟ ಜ್ವರದ್ದಿರಬೇಕು. ಅಥವಾ ಅದು ನಡೆಯಲೇ ಇಲ್ಲವೋ. ಜೀವಂತ ಸೀ ಡ್ರ್ಯಾಗನ್ ತೂಗುವುದನ್ನು ಎಷ್ಟೋ ವರ್ಷಗಳ ಮೇಲೆ ಫಿಲ್ಮಿನಲ್ಲಿ ನೋಡಿದೆ. ಆ ಚಲನೆಯನ್ನು ತಂದು ಮೇಷ್ಟ್ರ ಮೈಗೆ ಅಂಟಿಸಿದೆನೇನೋ. ಮುಳಬಾಗಿಲಿನ ಸೋದರಮಾವನ ಮನೆಯಲ್ಲಿ ಬೆಳೆದ ಅವರ ಮಗಳನ್ನು ಒಮ್ಮೆ ಕೇಳಿದ್ದೆ. ನಾಯ್ನಾ ಬಾಗಿಲು ದಾಟಲೇ ಇಲ್ಲ, ತನ್ನನ್ನು ಹೊರಗೆ ತಳ್ಳಿದ ಕೈಯೊಂದೇ ನೆನಪು ಎಂದಳು. ಅವಳ ಮನೆಯಲ್ಲಿ ಮಂಗಳಾರತಿಗೆ ಕರ್ಪೂರ ಹಚ್ಚುವುದಿಲ್ಲ, ತುಪ್ಪದ ಬತ್ತಿ.

ಹೋದ ವಾರ ಆ ಕಪಾಟಿನಲ್ಲಿ ಇದ್ದದ್ದೂ ಒಣಗಿದ ಸೀ ಡ್ರ್ಯಾಗನ್. ಗಂಡಾಗಿದ್ದರೆ ಬಾಲದ ಅಡಿಯಲ್ಲಿ ಮೊಟ್ಟೆ ಕೂತಿದ್ದ ಗುಳಿಗಳು ಉಳಿದಿರಬಹುದು. "ತಿರುಗಿಸಿ ತೋರಿಸ್ಲಾ ಸಾರ್?" ಎಂದು ಅಲ್ಲಿದ್ದವರೊಬ್ಬರು ಕೇಳಿದರು.

ಬೇಡ, ಮುಚ್ಚಿ ಎಂದೆ.