ಮೀನಿಲ್ಲದ ಶುಕ್ರವಾರ

ಆಗ ನಾವು ದೋಹಾದ ನಜ್ಮಾದಲ್ಲಿದ್ದೆವು. ಶುಕ್ರವಾರ ಮಧ್ಯಾಹ್ನ ಮೆಟ್ಟಿಲಲ್ಲಿ ಶೇಂಗಾ ಚಟ್ನಿಯ ವಾಸನೆ ಬಂತೆಂದರೆ ಬಸಣ್ಣ ಮಾಮ ಬಂದರೆಂದೇ ಲೆಕ್ಕ. ಬಾಗಲಕೋಟೆ ಕಡೆಯವರು. ಪಪ್ಪ ಗುಮಾಸ್ತರಾಗಿದ್ದ ಕಟ್ಟಡದ ಕಂಪನಿಯಲ್ಲೇ ಕಬ್ಬಿಣ ಕಟ್ಟುವ ಕೆಲಸ. ವಾಸ ಊರಾಚೆಯ ಲೇಬರ್ ಕ್ಯಾಂಪಿನಲ್ಲಿ. ಅವರು ಮೀನು ಮುಟ್ಟುತ್ತಿರಲಿಲ್ಲ. ಹಾಗಾಗಿ ಆ ಒಂದು ದಿನ ಉಡುಪಿಯವರಾದ ನಮ್ಮ ಒಲೆಯ ಮೇಲೂ ಮೀನು ಇರುತ್ತಿರಲಿಲ್ಲ. ಉಂಡ ಮೇಲೆ ನನ್ನೊಂದಿಗೆ ಚೌಕಾಬಾರ ಆಡಿ, ಬೇಕೆಂದೇ ಸೋಲುತ್ತಿದ್ದರು.

ಒಂದು ಚಳಿಗಾಲದಲ್ಲಿ ಅವರೆಂದರು: "ಅಣ್ಣಾರ, ಎರಡು ವರ್ಷ ಆತು, ಕಾಲಿಗೆ ಹುಲ್ಲು ಹತ್ತಿಲ್ಲ. ಕ್ಯಾಂಪಿನ್ಯಾಗ ಬರೀ ಉಸುಕು. ಒಮ್ಮೆ ಪಾರ್ಕಿನ್ಯಾಗ ಕುಂದರಬೇಕ್ರಿ."

ಶುಕ್ರವಾರ ಪಾರ್ಕು ಕುಟುಂಬಗಳಿಗೆ ಮಾತ್ರ ಎಂದು ಗೇಟಿನಲ್ಲಿ ಫಲಕವಿತ್ತು. ಕ್ಯಾಂಪಿನ ಗಂಡಸರಿಗೆ ಉಳಿದ ದಿನ ಗೇಟು ತೆರೆದಿರುತ್ತಿತ್ತು. ಉಳಿದ ದಿನ ಅವರಿಗೆ ರಜೆ ಇರಲಿಲ್ಲ.

"ಮಗು ಉಂಟಲ್ಲ, ಕೈ ಹಿಡ್ಕೊಂಡು ಹೋಗಿ ಮಾರಾಯ್ರೆ. ಯಾರು ಕೇಳ್ತಾರೆ?" ಎಂದು ಅಮ್ಮ ಪಪ್ಪನ ಇಸ್ತ್ರಿ ಶರ್ಟು ಕೊಟ್ಟಳು.

"ನೋಡವ್ವಾ, ನಾನೂ ಸ್ಟಾಫ್ ಆದ್ನಿ!" ಬಸಣ್ಣ ಮಾಮ ಕಾಲರ್ ಎತ್ತಿ ನಕ್ಕರು.

ಪಪ್ಪನನ್ನೂ ನನ್ನನ್ನೂ ಆ ಗೇಟಿನಲ್ಲಿ ಯಾರೂ ತಡೆದದ್ದಿಲ್ಲ. ಅಂದು ಮೂವರೂ ಹೋದಾಗ ಕಾವಲುಗಾರ ಅಡ್ಡ ಬಂದ. ಬಸಣ್ಣ ಮಾಮನ ಮುಖ ನೋಡಿದ, ಚಪ್ಪಲಿ ನೋಡಿದ. ಯಾರು ಇವರು ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದ.

"ಮಾಮ," ಎಂದೆ.

ಅವನು ಸರಿಯುವುದರಲ್ಲಿದ್ದ. ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಮಕ್ಕಳೊಂದಿಗೆ ಒಳಗಿನಿಂದ ಬಂದರು. ಕಾವಲುಗಾರ ಪಪ್ಪನತ್ತ ತಿರುಗಿದ: "ಆಪ್ಕಾ ಫ್ಯಾಮಿಲಿ ಹೈ?"

ಪಪ್ಪ ಮ್ಯಾನೇಜರನ್ನು ನೋಡಿದರು. "ನಹೀ. ಕಂಪನಿ ಕಾ ಲೇಬರ್ ಹೈ."

"ಖಲಾಸ್," ಎಂದ ಕಾವಲುಗಾರ.

ಬಸಣ್ಣ ಮಾಮ ನನ್ನ ಬೆರಳು ಬಿಡಿಸಿಕೊಂಡರು. "ಹೋಗವ್ವಾ, ಆಡಿ ಬಾ. ಹುಲ್ಲು ಎಲ್ಲಿ ಓಡಿ ಹೋಗತೈತಿ?"

ನಾವು ಒಳಗೆ ಹೋದೆವು. ನಾನು ಉಯ್ಯಾಲೆ ಆಡಿದೆ. ಅವರು ಹೊರಗೆ ಫುಟ್‌ಪಾತಿನಲ್ಲಿ ಕೂತಿದ್ದರು.

ಮುಂದಿನ ಶುಕ್ರವಾರ ಶರ್ಟನ್ನು ಒಗೆದು, ಮಡಚಿ ತಂದರು. ಅಮ್ಮ ಊಟಕ್ಕೆ ಕರೆದರೂ ಬಾಗಿಲು ದಾಟಲಿಲ್ಲ. "ಬಸ್ಸು ತಪ್ಪತೈತ್ರಿ," ಎಂದು, ಪಪ್ಪನತ್ತ ನೋಡಿ, "ಬರ್ತೇನ್ರಿ, ಸರ್," ಎಂದರು. ಅಲ್ಲಿಯವರೆಗೆ ಅವರಿಗೆ ಪಪ್ಪ ಅಣ್ಣಾರು. ಮತ್ತೆ ಬರಲಿಲ್ಲ.

ಈಗ ನಮ್ಮ ಮನೆ ದೋಹಾದ ಇನ್ನೊಂದು ಬದಿಯ ಐನ್ ಖಾಲಿದ್‌ನಲ್ಲಿದೆ. ಆ ಪಾರ್ಕಿನ ಫಲಕ ತೆಗೆದಿದ್ದಾರೆ. ಕಳೆದ ಶುಕ್ರವಾರ ಕೆಲಸದ ಬಟ್ಟೆಯಲ್ಲೇ ಕೆಲವರು ಹುಲ್ಲಿನ ಮೇಲೆ ಮಲಗಿದ್ದರು. ಮನೆಗೆ ಬಂದು ಪಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಊಟಕ್ಕೆ ಕೈ ತೊಳೆಯಲು ಎದ್ದರು. ಒಳಗೆ ಅಮ್ಮ ಬಂಗುಡೆ ಹುರಿಯುತ್ತಿದ್ದಳು. ಎಷ್ಟೋ ವರ್ಷಗಳಿಂದ ನಮ್ಮಲ್ಲಿ ಶುಕ್ರವಾರವೂ ಮೀನೇ.